ಕರುಣೆಯೂ ಪರೀಕ್ಷೆಯೂ: ನವಜಾತ ಶಿಶುವಿನ ಚಿಕಿತ್ಸೆಯನ್ನು ಕುರಿತು



ಈ ದತ್ತಿ ಉಪನ್ಯಾಸದ ವಿಷಯವನ್ನು ಉಪನ್ಯಾಸಕನ ವಿವೇಚನೆಗೇ ಬಿಟ್ಟು, ಅದು ಜನಸಾಮಾನ್ಯರ ಆರೋಗ್ಯಕ್ಕೆ ಸಂಬಂಧಪಟ್ಟುದಾಗಿರಬೇಕೆಂಬ ಒಂದೇ ನಿಬಂಧನೆಯನ್ನು ದತ್ತಿದಾತರು ವಿಧಿಸಿರುವುದರಿಂದ, ಜನಸಾಮಾನ್ಯರಲ್ಲೆಲ್ಲ ಅತ್ಯಂತ ಕಿರಿಯರೂ ಅತ್ಯಂತ ಅಶಕ್ತರೂ ಆದವರನ್ನು ಕುರಿತು, ಎಂದರೆ ಹುಟ್ಟುತ್ತಲೇ ಪ್ರಾಣಾಪಾಯಕ್ಕೆ ಸಿಕ್ಕಿದ ಕೂಸುಗಳನ್ನು ಕುರಿತು, ಕೆಲವು ಮಾತುಗಳನ್ನು ನಿಮ್ಮ ಮುಂದಿಡಲು ನಿಶ್ಚಯಿಸಿದೆನು. ಅವುಗಳ ಚಿಕಿತ್ಸೆಯ ಚರಿತ್ರೆ ಒಂದೂವರೆ ಶತಮಾನಕ್ಕಿಂತ ಹೆಚ್ಚು ಹಳೆಯದಲ್ಲ. ಆ ಅಲ್ಪಾವಧಿಯಲ್ಲಿಯೇ ವೈದ್ಯವಿದ್ಯೆಯ ಅತ್ಯುಜ್ಜ್ವಲವಾದ ಕೆಲವು ಜಯಗಳೂ ಅತ್ಯಂತ ದಾರುಣವಾದ ಕೆಲವು ಪ್ರಮಾದಗಳೂ ಒಂದೇ ಕೋಣೆಯೊಳಗೆ, ಹಲವು ವೇಳೆ ಒಬ್ಬರ ಕೈಯಿಂದಲೇ, ಸಂಭವಿಸಿವೆ. ಇದು ಏಕೆ ಹೀಗಾಯಿತೆಂಬುದೇ ಇಂದಿನ ವಿಚಾರ.

೧

ಹುಟ್ಟಿದ ಗಳಿಗೆಯಿಂದ ೨೮ ದಿನ ತುಂಬುವವರೆಗಿನ ಕೂಸನ್ನು ಶಾಸ್ತ್ರವು ನವಜಾತ ಶಿಶುವೆಂದು ಗಣಿಸುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಜಗತ್ತಿನಲ್ಲಿ ಸುಮಾರು ೨೩ ಲಕ್ಷ ಶಿಶುಗಳು ಈ ಅವಧಿಯನ್ನು ದಾಟಲಾರದೆ ಹೋದುವು. ಐದು ವರ್ಷ ತುಂಬುವುದಕ್ಕೆ ಮುನ್ನ ಸತ್ತ ಮಕ್ಕಳಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಇವೇ. ನಮ್ಮ ದೇಶದಲ್ಲಿ ೨೦೨೦ರ ಮಾದರಿ ನೋಂದಣಿಯ ಲೆಕ್ಕದಂತೆ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ ೨೦ ಕೂಸುಗಳು ತಿಂಗಳೊಳಗೆ ಅಸುನೀಗುತ್ತಿದ್ದುವು. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು, ಹುಟ್ಟಿದ ಮೇಲೆ ಸೋಂಕು ತಗಲುವುದು, ಈ ಮೂರೇ ಮುಖ್ಯ ಕಾರಣಗಳು.

ಗರ್ಭದೊಳಗೆ ಕೂಸಿನ ಶ್ವಾಸಕೋಶಗಳು ದ್ರವದಿಂದ ತುಂಬಿರುತ್ತವೆ. ಪ್ರಾಣವಾಯು ತಾಯಿಯ ರಕ್ತದಿಂದ ಮಾಸಿನ ಮೂಲಕ ಬರುತ್ತದೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಆ ದ್ರವವು ಹಿಂಗಬೇಕು, ಗಾಳಿ ಒಳಹೊಗಬೇಕು, ರಕ್ತವು ತನ್ನ ಹಾದಿಯನ್ನು ಬದಲಿಸಬೇಕು. ಅಷ್ಟೇ ಹೊತ್ತಿಗೆ, ಬೆಚ್ಚನೆಯ ಜಲದಲ್ಲಿ ತೇಲುತ್ತಿದ್ದ ಮೈ, ಹೊರಗಿನ ತಣ್ಪಿನಲ್ಲಿ ತನ್ನ ಶಾಖವನ್ನು ತಾನೇ ಉಳಿಸಿಕೊಳ್ಳಬೇಕು. ಜೀವಮಾನದ ಮತ್ತಾವ ಗಳಿಗೆಯಲ್ಲಿಯೂ ಮಾನವದೇಹವು ಇಷ್ಟೊಂದು ಮಾರ್ಪಾಟನ್ನು ಇಷ್ಟು ಬೇಗ ಸಾಧಿಸಬೇಕಾಗುವುದಿಲ್ಲ. ಒಂಬತ್ತು ತಿಂಗಳು ತುಂಬಿದ ಕೂಸಿಗೇ ಇದು ಕಠಿನವಾದ ಪರೀಕ್ಷೆಯಾಗಿರುವಾಗ, ಏಳನೆಯ ತಿಂಗಳಿನಲ್ಲೇ ಬಂದಿಳಿದ ಕೂಸಿನ ಪಾಡು ಏನೆಂಬುದನ್ನು ಊಹಿಸಿಕೊಳ್ಳಬಹುದು. ಅದರ ಚರ್ಮವು ತೆಳು. ಚರ್ಮದಡಿಯ ಕೊಬ್ಬು ಇಲ್ಲವೆಂಬಷ್ಟು ಸ್ವಲ್ಪ. ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಸುಮಾರು ೯೦ ಮಿಲಿಲೀಟರ್ ಮಾತ್ರವಾದುದರಿಂದ, ಪರೀಕ್ಷೆಗಾಗಿ ತೆಗೆಯುವ ಒಂದೊಂದು ಹನಿಯನ್ನೂ ಅಲ್ಲಿ ಲೆಕ್ಕವಿಡಬೇಕಾಗುತ್ತದೆ.

ಇಂಥ ಕೂಸುಗಳಿಗಾಗಿ ಏರ್ಪಟ್ಟುದೇ ನವಜಾತ ಶಿಶುಗಳ ತೀವ್ರ ನಿಗಾ ಘಟಕ. ನಮ್ಮ ಜನ ಸಾಮಾನ್ಯವಾಗಿ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಎಂದು ಹೇಳಿಬಿಡುತ್ತಾರೆ. ಆದರೆ ಆ ಪೆಟ್ಟಿಗೆಯೊಂದೇ ಅಲ್ಲಿಲ್ಲ. ಮೇಲಿನಿಂದ ಶಾಖವನ್ನು ಸೂಸುವ ವಾರ್ಮರ್, ಕಾಮಾಲೆಯನ್ನು ಇಳಿಸುವ ನೀಲಿ ದೀಪ, ಮೂಗಿನ ಮೂಲಕ ಗಾಳಿಯ ಒತ್ತಡವನ್ನು ಕೊಡುವ ಸಿಪ್ಯಾಪ್, ಅದೂ ಸಾಲದಾದಾಗ ವೆಂಟಿಲೇಟರ್, ರಕ್ತದಲ್ಲಿ ಆಮ್ಲಜನಕವೆಷ್ಟಿದೆಯೆಂದು ಕ್ಷಣಕ್ಷಣವೂ ತೋರಿಸುವ ಪಲ್ಸ್ ಆಕ್ಸಿಮೀಟರ್, ಇವೆಲ್ಲದರ ನಡುವೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತ ದಾದಿ, ಇವೆಲ್ಲ ಸೇರಿ ಆ ಕೋಣೆ. ಅಲ್ಲಿ ಮಲಗಿರುವ ರೋಗಿಗೆ ನೋವನ್ನು ಹೇಳಿಕೊಳ್ಳಲು ಮಾತಿಲ್ಲ. ಚಿಕಿತ್ಸೆಯನ್ನು ಒಪ್ಪಲೂ ನಿರಾಕರಿಸಲೂ ಅಧಿಕಾರವಿಲ್ಲ. ಸುತ್ತ ನಿಂತವರ ಕರುಣೆಯೇ ಅದರ ಪರವಾಗಿ ಎಲ್ಲವನ್ನೂ ತೀರ್ಮಾನಿಸುತ್ತದೆ. ಆ ಕರುಣೆಯು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡಾಗ ಕೂಸು ಉಳಿದಿದೆ, ಒಡ್ಡಿಕೊಳ್ಳದಿದ್ದಾಗ ಕೆಟ್ಟಿದೆ. ಆದುದರಿಂದ ಈ ಕ್ಷೇತ್ರದಲ್ಲಿ ಶುಶ್ರೂಷೆಯನ್ನೂ ಸಂಶೋಧನೆಯನ್ನೂ ಎರಡು ಬೇರೆ ಬೇರೆ ಕಾರ್ಯಗಳೆಂದು ಬಗೆಯುವುದು ಸಲ್ಲದು. ನಾನು ಪ್ರತಿಪಾದಿಸಬೇಕೆಂದಿರುವುದು ಇಷ್ಟೆ. ಇದಕ್ಕೆ ಚರಿತ್ರೆಯೇ ಸಾಕ್ಷಿ.

೨

ಮೊದಲನೆಯ ಅಧ್ಯಾಯ ಶಾಖದ್ದು. ಪ್ಯಾರಿಸ್ ನಗರದ ಮೆಟರ್ನಿಟೆ ಎಂಬ ಹೆರಿಗೆ ಆಸ್ಪತ್ರೆಯಲ್ಲಿ ಪ್ರಸೂತಿತಜ್ಞನಾಗಿದ್ದ ಸ್ಟೆಫಾನ್ ಟಾರ್ನಿಯೆ, ಆ ಊರಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅದನ್ನು ಮಾಡಿದ ಒಡಿಲ್ ಮಾರ್ಟಿನ್ ಎಂಬುವನಿಂದಲೇ ಕೂಸುಗಳಿಗೆ ಅನುಕೂಲವಾಗುವಂಥ ಪೆಟ್ಟಿಗೆಯನ್ನು ಮಾಡಿಸಿ, ೧೮೮೦ರಲ್ಲಿ ತನ್ನ ಆಸ್ಪತ್ರೆಯಲ್ಲಿ ಇರಿಸಿದನು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಕುತೂಹಲದ ಸಂಗತಿಯಾಗುತ್ತಿತ್ತು. ಆದರೆ ಆತನ ಶಿಷ್ಯ ಓವಾರ್, ಪೆಟ್ಟಿಗೆ ಬರುವುದಕ್ಕೆ ಮುನ್ನಿನ ಲೆಕ್ಕವನ್ನೂ ಬಂದ ಅನಂತರದ ಲೆಕ್ಕವನ್ನೂ ಹೋಲಿಸಿ, ಎರಡು ಕಿಲೋಗಿಂತ ಕಡಮೆ ತೂಕದ ಕೂಸುಗಳಲ್ಲಿ ಸಾವು ನೂರಕ್ಕೆ ೬೬ರಿಂದ ೩೮ಕ್ಕೆ ಇಳಿಯಿತೆಂದು ೧೮೮೩ರಲ್ಲಿ ಪ್ರಕಟಿಸಿದನು. ಈ ಶಾಸ್ತ್ರದ ಬಾಗಿಲು ತೆರೆದುದು ಆ ಪೆಟ್ಟಿಗೆಯೊಡನೆ ಈ ಲೆಕ್ಕವೂ ಸೇರಿದುದರಿಂದ.

ಟಾರ್ನಿಯೆಯ ಉತ್ತರಾಧಿಕಾರಿ ಪಿಯೆರ್ ಬ್ಯೂಡಿನ್ ಇನ್ನೊಂದು ಹೆಜ್ಜೆ ಮುಂದೆ ಹೋದನು. ಕೂಸು ಪೆಟ್ಟಿಗೆಯಲ್ಲಿ ವಾರಗಟ್ಟಲೆ ಉಳಿದಾಗ ತಾಯಿಯು ಅದರ ಮೇಲಿನ ಆಸ್ಥೆಯನ್ನು ಕಳೆದುಕೊಳ್ಳುವುದನ್ನು ಅವನು ಗಮನಿಸಿದನು. ಆದುದರಿಂದ ತಾಯಂದಿರನ್ನು ಆಸ್ಪತ್ರೆಗೆ ಬರಮಾಡಿಕೊಂಡು, ಅವರಿಂದಲೇ ಹಾಲೂಡಿಸುವ ಪದ್ಧತಿಯನ್ನು ಬಲವಾಗಿ ಪ್ರತಿಪಾದಿಸಿದನು. ೧೯೦೦ರಲ್ಲಿ ಪ್ರಕಟವಾದ ಅವನ ಉಪನ್ಯಾಸಗ್ರಂಥದಲ್ಲಿ ಶಾಖ, ಆಹಾರ, ಸೋಂಕು ಈ ಮೂರನ್ನೂ ಕುರಿತ ವಿವೇಚನೆ ಇಂದಿಗೂ ಹಳತೆನಿಸದು. ದುರ್ದೈವದಿಂದ ಮುಂದಿನ ಅರ್ಧ ಶತಮಾನ ಅವನ ಪೆಟ್ಟಿಗೆಯನ್ನು ಉಳಿಸಿಕೊಂಡು ಅವನ ತಾಯಿಯನ್ನು ಹೊರಗಟ್ಟಿತು.

ಈ ಮಧ್ಯೆ ವಿಚಿತ್ರವಾದ ಒಂದು ಪ್ರಸಂಗ ನಡೆಯಿತು. ೧೮೯೬ರ ಬರ್ಲಿನ್ ಪ್ರದರ್ಶನದಲ್ಲಿ ಜೀವಂತ ಕೂಸುಗಳಿದ್ದ ಪೆಟ್ಟಿಗೆಗಳನ್ನು ಜನ ಹಣ ಕೊಟ್ಟು ನೋಡಿದರು. ಮಾರ್ಟಿನ್ ಕೂನಿ ಎಂಬಾತನು ಅದನ್ನು ಅಮೆರಿಕಕ್ಕೆ ಒಯ್ದು, ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ವಿನೋದಸ್ಥಳದಲ್ಲಿ ೧೯೦೩ರಿಂದ ೧೯೪೩ರವರೆಗೆ ಪ್ರತಿ ಬೇಸಗೆಯಲ್ಲಿಯೂ ಪ್ರದರ್ಶನವನ್ನು ನಡೆಸಿದನು. ಜಾತ್ರೆಯ ನಡುವೆ ಕೂಸುಗಳನ್ನು ತೋರಿಸಿ ಕಾಸು ಕೂಡಿಸುವುದು ನಮಗೆ ಜುಗುಪ್ಸೆ ತರುವ ಮಾತೇ ಸರಿ. ಆದರೆ ಆತನು ಆ ಹಣದಿಂದಲೇ ನುರಿತ ದಾದಿಯರನ್ನಿಟ್ಟು ಸಲಹುತ್ತಿದ್ದನು, ತಾಯಿತಂದೆಗಳಿಂದ ಬಿಡಿಗಾಸನ್ನೂ ಮುಟ್ಟುತ್ತಿರಲಿಲ್ಲ. ಆಸ್ಪತ್ರೆಗಳೇ ಕೈಬಿಟ್ಟ ಕೂಸುಗಳು ಅಲ್ಲಿ ಉಳಿದುವು. ಆಸ್ಪತ್ರೆಗಳು ಎಚ್ಚೆತ್ತುದು ನಿಧಾನವಾಗಿ; ಶಿಕಾಗೋ ನಗರದಲ್ಲಿ ಜೂಲಿಯಸ್ ಹೆಸ್ ಎಂಬ ವೈದ್ಯನೂ ಎವೆಲಿನ್ ಲಂಡೀನ್ ಎಂಬ ದಾದಿಯೂ ಕಟ್ಟಿ ಬೆಳಸಿದ ಘಟಕವು ಅವುಗಳಿಗೆ ಮಾದರಿಯಾಯಿತು.

೩

ಎರಡನೆಯ ಅಧ್ಯಾಯ ಉಸಿರಿನದು. ಇದನ್ನು ಹೇಳುವಾಗ ಹೃದಯ ಭಾರವಾಗುತ್ತದೆ. ೧೯೪೦ರ ದಶಕದಲ್ಲಿ ಗಾಳಿಯಾಡದಂತೆ ಮುಚ್ಚುವ ಉತ್ತಮವಾದ ಪೆಟ್ಟಿಗೆಗಳು ಬಂದುವು. ಅವುಗಳೊಳಗೆ ಆಮ್ಲಜನಕವನ್ನು ಧಾರಾಳವಾಗಿ ಹರಿಸುವುದು ಸಾಧ್ಯವಾಯಿತು. ಕೂಸು ನೀಲಿಗಟ್ಟುತ್ತಿದೆ, ಪ್ರಾಣವಾಯುವನ್ನು ಕೊಟ್ಟರೆ ಕೆಂಪಾಗುತ್ತದೆ. ಇದಕ್ಕಿಂತ ಸ್ಪಷ್ಟವಾದ ಉಪಕಾರ ಯಾವುದು? ಆದರೆ ೧೯೪೨ರಲ್ಲಿ ಬೋಸ್ಟನ್ನಿನ ನೇತ್ರವೈದ್ಯ ಥಿಯೊಡೋರ್ ಟೆರಿ, ದಿನ ತುಂಬದೆ ಹುಟ್ಟಿ ಬದುಕಿದ ಕೂಸುಗಳ ಕಣ್ಣಿನ ಹಿಂಭಾಗದಲ್ಲಿ ನಾರಿನಂಥ ಪೊರೆ ಬೆಳೆದು ದೃಷ್ಟಿ ಅಳಿಯುವುದನ್ನು ಮೊದಲು ವರ್ಣಿಸಿದನು. ಮುಂದಿನ ಹನ್ನೆರಡು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಕೂಸುಗಳು ಹೀಗೆ ಕುರುಡಾದುವು. ಬಡ ಆಸ್ಪತ್ರೆಗಳಲ್ಲಿ ವಿರಳವಾಗಿದ್ದ ಈ ರೋಗ, ಸಕಲ ಸೌಕರ್ಯಗಳಿದ್ದ ಆಸ್ಪತ್ರೆಗಳಲ್ಲೇ ಹೆಚ್ಚಾಗಿ ಕಾಣಿಸಿಕೊಂಡುದು ವಿದ್ವಾಂಸರನ್ನು ದಿಗ್ಭ್ರಮೆಗೊಳಿಸಿತು. ಬೆಳಕಿನ ಮೇಲೆ, ಕಬ್ಬಿಣಾಂಶದ ಮೇಲೆ, ಜೀವಸತ್ವಗಳ ಮೇಲೆ ಸಂಶಯಪಟ್ಟವರುಂಟು.

೧೯೫೧ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ, ಆಮ್ಲಜನಕವೇ ಕಾರಣವಿರಬಹುದೆಂದು ತನ್ನ ಊರಿನ ಆಸ್ಪತ್ರೆಗಳನ್ನು ಹೋಲಿಸಿ ಸೂಚಿಸಿದಳು. ವಾಷಿಂಗ್‌ಟನ್ನಿನಲ್ಲಿ ಆರ್ನಲ್ ಪ್ಯಾಟ್ಜ್ ಎಂಬಾತನು ಕೆಲವು ಕೂಸುಗಳಿಗೆ ಹೆಚ್ಚು, ಕೆಲವಕ್ಕೆ ಕಡಮೆ ಆಮ್ಲಜನಕವನ್ನು ಕೊಟ್ಟು ಪರೀಕ್ಷಿಸಲು ತೊಡಗಿದಾಗ, ಕಡಮೆ ಪಡೆಯುತ್ತಿದ್ದ ಕೂಸುಗಳ ಮೇಲೆ ಕನಿಕರಗೊಂಡ ಕೆಲವು ದಾದಿಯರು ರಾತ್ರಿಯ ಹೊತ್ತು ಯಾರಿಗೂ ತಿಳಿಯದಂತೆ ನಳವನ್ನು ತಿರುಗಿಸಿ ಹೆಚ್ಚು ಕೊಟ್ಟರಂತೆ. ಅವರನ್ನು ನಾವು ದೂಷಿಸಲಾರೆವು. ಅವರ ಅಂತಃಕರಣ ನಿರ್ಮಲವಾದುದು. ಆದರೆ ಆ ಕೈ ತಿರುಗಿಸಿದುದು ಕುರುಡಿನ ಕಡೆಗೆ. ಕೊನೆಗೆ ಅಮೆರಿಕದ ೧೮ ಆಸ್ಪತ್ರೆಗಳು ಒಟ್ಟುಗೂಡಿ ೧೯೫೩-೫೪ರಲ್ಲಿ ನಡೆಸಿದ ಪರೀಕ್ಷೆಯು ಸಂಶಯಕ್ಕೆ ಎಡೆಯಿಲ್ಲದಂತೆ ಸತ್ಯವನ್ನು ಸ್ಥಾಪಿಸಿತು: ಧಾರಾಳವಾದ ಆಮ್ಲಜನಕವೇ ಕಣ್ಣನ್ನು ಕೆಡಿಸುತ್ತಿತ್ತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಕುರುಡಿಗೆ ಅಂಜಿದ ವೈದ್ಯಲೋಕವು ಈ ಬಾರಿ ವಿರುದ್ಧದಿಕ್ಕಿಗೆ ಓಡಿ, ಎಲ್ಲ ಕೂಸುಗಳಿಗೂ ಆಮ್ಲಜನಕವನ್ನು ಬಿಗಿಹಿಡಿಯಿತು. ಅದು ಎಷ್ಟು ಕೂಸುಗಳ ಪ್ರಾಣಕ್ಕೆ ಎರವಾಗುತ್ತದೆಂಬುದನ್ನು ಮಾತ್ರ ಯಾರೂ ಅಳೆಯಲಿಲ್ಲ. ಒಂದು ಜೊತೆ ಕಣ್ಣನ್ನು ಉಳಿಸಲು ಸುಮಾರು ೧೬ ಪ್ರಾಣಗಳನ್ನು ತೆತ್ತಿರಬಹುದೆಂದು ಇಂಗ್ಲೆಂಡಿನ ಕೆನೆತ್ ಕ್ರಾಸ್ ೧೯೭೩ರಲ್ಲಿ ಅಂದಾಜು ಮಾಡಿದನು. ಸರಿಯಾದ ಪ್ರಮಾಣವೆಷ್ಟೆಂಬ ಪ್ರಶ್ನೆ ೨೦೧೦ರಲ್ಲಿಯೂ ಜೀವಂತವಾಗಿತ್ತು. ಆ ವರ್ಷ ಪ್ರಕಟವಾದ ಅಮೆರಿಕದ ಸಪೋರ್ಟ್ ಎಂಬ ಪರೀಕ್ಷೆಯಲ್ಲಿ ರಕ್ತದ ಆಮ್ಲಜನಕವನ್ನು ನೂರಕ್ಕೆ ೮೫-೮೯ರೊಳಗೆ ಇರಿಸಿದ ಕೂಸುಗಳನ್ನೂ ೯೧-೯೫ರೊಳಗೆ ಇರಿಸಿದ ಕೂಸುಗಳನ್ನೂ ಹೋಲಿಸಿದಾಗ, ಕೆಳಗಿನ ಗುಂಪಿನಲ್ಲಿ ಬದುಕಿದವರ ಪೈಕಿ ತೀವ್ರವಾದ ನೇತ್ರರೋಗ ನೂರಕ್ಕೆ ೮.೬, ಮೇಲಿನ ಗುಂಪಿನಲ್ಲಿ ೧೭.೯, ಆದರೆ ಮರಣ ಕೆಳಗಿನ ಗುಂಪಿನಲ್ಲಿ ೧೯.೯, ಮೇಲಿನದರಲ್ಲಿ ೧೬.೨. ಎರಡು ಗುಂಪುಗಳ ನಡುವಣ ಅಂತರ ಕೆಲವೇ ಅಂಶಗಳದು. ಅಷ್ಟರೊಳಗೆ ಕಣ್ಣೂ ಜೀವವೂ ಎದುರುಬದುರಾಗಿ ನಿಂತಿದ್ದುವು. ಎಷ್ಟೇ ಅನುಭವಸ್ಥನಾದ ವೈದ್ಯನೂ ಇದನ್ನು ಕೇವಲ ತನ್ನ ಕಣ್ಣಳತೆಯಿಂದ ಕಂಡುಹಿಡಿಯುವುದು ಸಾಧ್ಯವಿತ್ತೆ?

೪

ಅನುಭವವೆಂಬುದು ಎಷ್ಟು ವಂಚಕವೆಂಬುದಕ್ಕೆ ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್ ಕೊಟ್ಟ ಸಾಕ್ಷ್ಯಕ್ಕಿಂತ ಬಲವಾದುದು ಇನ್ನೊಂದಿಲ್ಲ. ಆ ನೇತ್ರರೋಗದ ಕಾರಣ ಇನ್ನೂ ತಿಳಿಯದಿದ್ದ ಕಾಲದಲ್ಲಿ ಆತನೂ ಸಂಗಡಿಗರೂ ಎಸಿಟಿಎಚ್ ಎಂಬ ಹಾರ್ಮೋನನ್ನು ೩೧ ಕೂಸುಗಳಿಗೆ ಕೊಟ್ಟಾಗ ೨೫ ಕೂಸುಗಳ ಕಣ್ಣು ಉಳಿಯಿತು. ಅದನ್ನು ಕೊಡದಿದ್ದ ಬೇರೊಂದು ಆಸ್ಪತ್ರೆಯಲ್ಲಿ ಏಳು ಕೂಸುಗಳ ಪೈಕಿ ಆರು ಕುರುಡಾದುವು. ಇಷ್ಟು ಸಾಲದೆ? ಬೇರೆ ಯಾರಾದರೂ ಆಗಿದ್ದರೆ ವಿಜಯಘೋಷವನ್ನು ಮೊಳಗಿಸಿಬಿಡುತ್ತಿದ್ದರು. ಸಿಲ್ವರ್‌ಮನ್ ಮಾತ್ರ, ಯಾವ ಕೂಸಿಗೆ ಔಷಧ, ಯಾವುದಕ್ಕಿಲ್ಲ ಎಂಬುದನ್ನು ಚೀಟಿಯೆತ್ತುವಂತೆ ಅದೃಷ್ಟಕ್ಕೆ ಬಿಟ್ಟು, ಮತ್ತೆ ಪರೀಕ್ಷಿಸಿದನು. ಔಷಧ ಪಡೆದವುಗಳಲ್ಲಿ ಮೂರರಲ್ಲೊಂದು ಕುರುಡಾಯಿತು, ಪಡೆಯದವುಗಳಲ್ಲಿ ಐದರಲ್ಲೊಂದು. ಮರಣವೂ ಔಷಧ ಪಡೆದವುಗಳಲ್ಲೇ ಹೆಚ್ಚು. ಈ ರೋಗವು ಪ್ರಾರಂಭದ ಅವಸ್ಥೆಯಲ್ಲಿ ಬಹುಪಾಲು ತಾನಾಗಿಯೇ ಇಳಿದುಹೋಗುವಂಥದು. ಆ ಸಹಜಗುಣದ ಕೀರ್ತಿ ಮದ್ದಿನ ಪಾಲಾಗಿತ್ತು.

೧೯೫೬ರಲ್ಲಿ ಅದೇ ಸಿಲ್ವರ್‌ಮನ್, ಡೊರೊಥಿ ಆಂಡರ್ಸನ್ ಮೊದಲಾದವರೊಡಗೂಡಿ, ಸೋಂಕು ತಗಲದಿರಲೆಂದು ಕೂಸುಗಳಿಗೆ ಕೊಡುತ್ತಿದ್ದ ಎರಡು ಬಗೆಯ ಔಷಧಗಳನ್ನು ಹೋಲಿಸಿದಾಗ, ನಿರಪಾಯವೆಂದು ಬಗೆದಿದ್ದ ಸಲ್ಫಾ ಔಷಧವನ್ನು ಪಡೆದ ಗುಂಪಿನಲ್ಲಿ ಸಾವು ಹೆಚ್ಚಾಗಿದ್ದುದೂ, ಕಾಮಾಲೆಯ ಹಳದಿ ಮಿದುಳಿಗೆ ಇಳಿದು ನಾಶಪಡಿಸುತ್ತಿದ್ದುದೂ ಬೆಳಕಿಗೆ ಬಂದಿತು. ಆ ಹೋಲಿಕೆ ನಡೆಯದೆ ಇದ್ದಿದ್ದರೆ, ಸತ್ತ ಕೂಸುಗಳು ತಮ್ಮ ಅಶಕ್ತಿಯಿಂದಲೇ ಸತ್ತುವೆಂದು ವೈದ್ಯರು ಹೇಳಿಕೊಳ್ಳುತ್ತಲೇ ಇರುತ್ತಿದ್ದರು.

ಪರೀಕ್ಷೆಯಿಲ್ಲದ ನಂಬಿಕೆ ಔಷಧದ ವಿಷಯದಲ್ಲಿ ಮಾತ್ರ ಬಾಧಿಸಿತೆಂದಲ್ಲ. ಎಳೆಗೂಸಿಗೆ ನೋವಿನ ಅರಿವಿರದೆಂಬ ಭಾವನೆ, ಅರಿವಳಿಕೆಯ ಮದ್ದು ಅದರ ಪ್ರಾಣಕ್ಕೆ ಅಪಾಯವೆಂಬ ಭಯದೊಡನೆ ಸೇರಿ, ಅತಿ ಚಿಕ್ಕ ಕೂಸುಗಳಿಗೆ ಅರಕೆಯ ಅರಿವಳಿಕೆಯಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿ ೧೯೮೦ರ ದಶಕದವರೆಗೂ ಹಲವೆಡೆ ನಡೆದುಬಂದಿತ್ತು. ಇಂದೋರಿನಲ್ಲಿ ವೈದ್ಯಪದವಿಯನ್ನು ಪಡೆದು ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್, ೧೯೮೭ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಮರ್ಪಕವಾಗಿ ನೋವುನಿವಾರಕವನ್ನು ಪಡೆದ ಕೂಸುಗಳ ದೇಹವು ಶಸ್ತ್ರಾಘಾತವನ್ನು ಹೆಚ್ಚು ಸಮಾಧಾನದಿಂದ ಸಹಿಸಿ ಚೇತರಿಸಿಕೊಂಡುದನ್ನು ತೋರಿಸಿದನು. ತಾಯಂದಿರು ಎಂದಿನಿಂದಲೋ ಬಲ್ಲ ಸಂಗತಿಯನ್ನು ಶಾಸ್ತ್ರ ಒಪ್ಪಿಕೊಂಡುದು ರಕ್ತದ ಹಾರ್ಮೋನುಗಳನ್ನು ಅಳೆದ ಮೇಲೆ.

೫

ಇನ್ನು ಜಯದ ಕಡೆಗೆ ತಿರುಗೋಣ. ದಿನ ತುಂಬದ ಕೂಸುಗಳನ್ನು ಕೊಲ್ಲುತ್ತಿದ್ದ ಮಹಾವ್ಯಾಧಿಯೆಂದರೆ ಉಸಿರಾಟದ ಸಂಕಟ. ಅದರ ಮೂಲ ಬಹುಕಾಲ ತಿಳಿದಿರಲಿಲ್ಲ. ಶ್ವಾಸಕೋಶದ ಸೂಕ್ಷ್ಮ ಗಾಳಿಗೂಡುಗಳ ಒಳಮೈಗೆ ಲೇಪವಾಗಿರುವ ಒಂದು ದ್ರವ್ಯವು, ಸೋಪಿನ ನೀರು ಗುಳ್ಳೆಯನ್ನು ಒಡೆಯದಂತೆ ಹಿಡಿದಿಡುವ ಹಾಗೆ, ಉಸಿರು ಬಿಟ್ಟಾಗ ಆ ಗೂಡುಗಳು ಮುಚ್ಚಿಹೋಗದಂತೆ ಕಾಯುತ್ತದೆ. ಅದು ಸಾಕಷ್ಟು ಉತ್ಪತ್ತಿಯಾಗುವುದು ಗರ್ಭದ ಕೊನೆಯ ವಾರಗಳಲ್ಲಿ. ಸಂಕಟದಿಂದ ಸತ್ತ ಕೂಸುಗಳ ಶ್ವಾಸಕೋಶದಲ್ಲಿ ಈ ದ್ರವ್ಯದ ಕೊರತೆಯಿರುವುದನ್ನು ೧೯೫೯ರಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆಯು ಜೆರೆ ಮೀಡ್ ಎಂಬಾತನೊಡನೆ ತೋರಿಸಿಕೊಟ್ಟಳು. ಅದನ್ನೇ ನಾವು ಸರ್ಫ್ಯಾಕ್ಟಂಟ್ ಎನ್ನುವುದು.

ಕಾರಣ ತಿಳಿದ ಮಾತ್ರಕ್ಕೆ ಮದ್ದು ಕೈಗೆ ಬರಲಿಲ್ಲ. ೧೯೬೩ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರಗಳಷ್ಟು ಮುಂಚಿತವಾಗಿ ಹುಟ್ಟಿ, ಎರಡು ಕಿಲೋಗಿಂತ ಹೆಚ್ಚು ತೂಕವಿದ್ದೂ, ಇದೇ ವ್ಯಾಧಿಯಿಂದ ಎರಡು ದಿನದೊಳಗೆ ತೀರಿಕೊಂಡನು. ಭೂಮಂಡಲದಲ್ಲೇ ಬಲಿಷ್ಠನಾದ ಅಧಿಕಾರಿಯ ಅಂಕೆಯೂ ಅಲ್ಲಿ ಸಾಗಲಿಲ್ಲ. ಇಂದು ಅಂಥ ಕೂಸು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹುಟ್ಟಿದರೂ ಸಾಮಾನ್ಯವಾಗಿ ಬದುಕಿ ಮನೆಗೆ ಹೋಗುತ್ತದೆ. ಈ ಪರಿವರ್ತನೆ ಮೂರು ಮೆಟ್ಟಿಲುಗಳಲ್ಲಿ ಆಯಿತು. ೧೯೭೧ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗೊರಿ, ಉಸಿರು ಬಿಡುವಾಗಲೂ ಗಾಳಿಯ ಒತ್ತಡವು ತಗ್ಗದಂತೆ ನೋಡಿಕೊಳ್ಳುವ ಉಪಾಯದಿಂದ ೨೦ ಕೂಸುಗಳಲ್ಲಿ ೧೬ನ್ನು ಉಳಿಸಿದ ವರದಿಯನ್ನು ಪ್ರಕಟಿಸಿದನು. ಇಂದಿನ ಸಿಪ್ಯಾಪ್ ಅದರ ಸಂತಾನ. ೧೯೮೦ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ, ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಹತ್ತು ಕೂಸುಗಳ ಶ್ವಾಸನಾಳದೊಳಗೆ ಹೊಯ್ದು, ಅವು ಚೇತರಿಸಿಕೊಂಡ ಬಗೆಯನ್ನು ಲೋಕಕ್ಕೆ ತಿಳಿಸಿದನು.

ಮೂರನೆಯದು ಕಾಲಕ್ರಮದಲ್ಲಿ ಈ ಎರಡರ ನಡುವಿನದು; ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗ್ಗಿನ್ಸ್ ಎಂಬಾತನು ಕುರಿಗಳಲ್ಲಿ ಪ್ರಸವದ ಕಾರಣವನ್ನು ಅರಸುತ್ತಿದ್ದಾಗ, ಸ್ಟಿರಾಯ್ಡ್ ಪಡೆದು ಅವಧಿಗೆ ಬಹು ಮುನ್ನ ಹುಟ್ಟಿದ ಕುರಿಮರಿಯೊಂದು ಅನಿರೀಕ್ಷಿತವಾಗಿ ಉಸಿರಾಡುತ್ತಿದ್ದುದನ್ನು ಕಂಡನು. ಆ ಮರಿಯನ್ನು ಆಕಸ್ಮಿಕವೆಂದು ಬದಿಗೊತ್ತದೆ, ರಾಸ್ ಹೋವಿ ಎಂಬ ಶಿಶುವೈದ್ಯನೊಡನೆ ೨೮೨ ಗರ್ಭಿಣಿಯರಲ್ಲಿ ಪರೀಕ್ಷೆ ನಡೆಸಿ, ಹೆರಿಗೆಗೆ ಮುನ್ನ ತಾಯಿಗೆ ಕೊಟ್ಟ ಚುಚ್ಚುಮದ್ದು ಕೂಸಿನ ಶ್ವಾಸಕೋಶವನ್ನು ಹದಗೊಳಿಸುತ್ತದೆಂದು ೧೯೭೨ರಲ್ಲಿ ತೋರಿಸಿದನು. ಆದರೆ ವೈದ್ಯಲೋಕ ಇದನ್ನು ಸಾರ್ವತ್ರಿಕವಾಗಿ ಅಂಗೀಕರಿಸಲು ಇನ್ನೂ ಎರಡು ದಶಕಗಳು ಬೇಕಾದುವು. ಬೇರೆ ಬೇರೆ ಊರುಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಮೇಲೆಯೇ ಸಂಶಯ ನೀಗಿತು. ಹಾಗೆ ಒಟ್ಟುಗೂಡಿಸಿದ ಲೆಕ್ಕದ ರೇಖಾಚಿತ್ರವನ್ನೇ, ವೈದ್ಯಕೀಯ ಪರೀಕ್ಷೆಗಳನ್ನು ಕಲೆಹಾಕಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆ ತನ್ನ ಲಾಂಛನವನ್ನಾಗಿ ಮಾಡಿಕೊಂಡಿದೆ. ಪರೀಕ್ಷಿಸದೆ ಕೊಡುವುದು ಎಷ್ಟು ಅಪರಾಧವೋ, ಪರೀಕ್ಷಿಸಿ ಸಿದ್ಧವಾದುದನ್ನು ಕೊಡದಿರುವುದೂ ಅಷ್ಟೇ ಅಪರಾಧವೆಂಬುದನ್ನು ಆ ಲಾಂಛನ ನೆನಪಿಸುತ್ತದೆ.

೬

ಸಂಶೋಧನೆಯೆಂದರೆ ಪ್ರಯೋಗಶಾಲೆಯೆಂದೂ ಯಂತ್ರವೆಂದೂ ತಿಳಿಯಬಾರದು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ, ಬಿಸಿಲು ಚೆನ್ನಾಗಿದ್ದ ದಿನಗಳಲ್ಲಿ ಕೂಸುಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದಳು. ಒಂದು ದಿನ ಕಾಮಾಲೆಯ ಕೂಸೊಂದನ್ನು ವೈದ್ಯರಿಗೆ ಬಿಚ್ಚಿ ತೋರಿಸಿ, ಬಿಸಿಲು ಬಿದ್ದ ಕಡೆ ಹಳದಿ ಮಾಸಿ, ಬಟ್ಟೆ ಮುಚ್ಚಿದ್ದ ಕಡೆ ಹಾಗೆಯೇ ಉಳಿದಿರುವುದನ್ನು ಕಾಣಿಸಿದಳು. ಬಿಸಿಲಿನಲ್ಲಿ ಉಳಿದುಹೋಗಿದ್ದ ರಕ್ತದ ಮಾದರಿಯೊಂದರಲ್ಲಿಯೂ ಹಳದಿ ದ್ರವ್ಯ ಕುಗ್ಗಿದ್ದುದು ಇದಕ್ಕೆ ಪುಷ್ಟಿಯನ್ನೊದಗಿಸಿತು. ಆ ಆಸ್ಪತ್ರೆಯ ವೈದ್ಯ ಕ್ರೀಮರ್ ಮತ್ತು ಸಂಗಡಿಗರು ಕೃತಕ ದೀಪದಿಂದ ಅದನ್ನು ಸಾಧಿಸಿ ೧೯೫೮ರಲ್ಲಿ ಪ್ರಕಟಿಸಿದರು. ಎಳೆಬಿಸಿಲಿಗೆ ಕೂಸನ್ನು ಹಿಡಿಯುವ ವಾಡಿಕೆ ನಮ್ಮ ಮನೆಗಳಲ್ಲಿಯೂ ಉಂಟು. ಆದರೆ ವಾಡಿಕೆಯು ಅಳತೆಗೆ ಒಳಪಟ್ಟು, ಯಾವ ಬಣ್ಣದ ಬೆಳಕು, ಎಷ್ಟು ದೂರದಿಂದ, ಎಷ್ಟು ಹೊತ್ತು ಎಂಬ ನಿಷ್ಕರ್ಷೆಗೆ ಬಂದಾಗಲೇ ಅದು ಚಿಕಿತ್ಸೆಯಾಯಿತು.

ಬ್ಯೂಡಿನ್ನನ ಕಾಲದ ಅನಂತರ ಹೊರಗಟ್ಟಿಸಿಕೊಂಡ ತಾಯಿ ಮರಳಿ ಒಳಬಂದುದು ಬಡತನದ ದೆಸೆಯಿಂದ. ಕೊಲಂಬಿಯಾ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸುವ ಸ್ಥಿತಿ ಬಂದಾಗ, ೧೯೭೮ರ ಹೊತ್ತಿಗೆ ಎಡ್ಗಾರ್ ರೇ ಎಂಬ ವೈದ್ಯನೂ ಬಳಿಕ ಹೆಕ್ಟರ್ ಮಾರ್ಟಿನೆಜ್ ಎಂಬಾತನೂ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಗಲುವಂತೆ ಕಟ್ಟಿ, ಎದೆಹಾಲನ್ನೇ ಊಡಿಸಿ, ಬೇಗನೆ ಮನೆಗೆ ಕಳುಹಿಸುವ ಕಾಂಗರೂ ಆರೈಕೆಯನ್ನು ರೂಢಿಗೆ ತಂದರು. ಇದೂ ಕೇವಲ ಭಾವುಕತೆಯಿಂದ ಗೆಲ್ಲಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ದೇಶಗಳಲ್ಲಿ ೧ರಿಂದ ೧.೮ ಕಿಲೋವರೆಗಿನ ೩೨೧೧ ಕೂಸುಗಳಲ್ಲಿ ನಡೆಸಿ ೨೦೨೧ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೂಸಿನ ಸ್ಥಿತಿ ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಸೇರಿಸಿದವುಗಳಲ್ಲಿ ಮರಣ ನೂರಕ್ಕೆ ೧೨.೦, ವಾಡಿಕೆಯಂತೆ ಕಾದು ಸೇರಿಸಿದವುಗಳಲ್ಲಿ ೧೫.೭ ಆಗಿದ್ದಿತು. ಫಲ ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹೀಗಾಗಿ ತೀವ್ರ ನಿಗಾ ಘಟಕದೊಳಗೆ ಬಾಣಂತಿಗೆ ಮಂಚ ಹಾಕಿಕೊಡುವುದು ಚಿಕಿತ್ಸೆಯ ಅಂಗವೇ ಆಯಿತು. ಆಕೆಯನ್ನು ಬಾಗಿಲಲ್ಲಿ ತಡೆಯುವ ಹಳೆಯ ಕಟ್ಟುಪಾಡಿಗೆ ಇನ್ನು ಯಾವ ಆಧಾರವೂ ಉಳಿದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಸರಕಾರಿ ಆಸ್ಪತ್ರೆಗಳಿಂದ ಮನೆಮನೆಗೂ ವಿಸ್ತರಿಸಿದ ಪ್ರಯತ್ನವು ಈ ದಿಸೆಯಲ್ಲಿ ಗಮನಾರ್ಹವಾದುದು.

೭

ಪರದೇಶದಲ್ಲಿ ಸಿದ್ಧವಾದ ಸತ್ಯವನ್ನು ನಾವು ಹಾಗೆಯೇ ತಂದುಕೊಳ್ಳಬಾರದೆ, ಇಲ್ಲಿ ಮತ್ತೆ ಪರೀಕ್ಷಿಸುವ ಶ್ರಮವೇಕೆ, ಎಂದು ಕೇಳುವವರುಂಟು. ಇದಕ್ಕೆ ಎರಡು ಉತ್ತರಗಳು ನಮ್ಮ ನೆಲದಿಂದಲೇ ದೊರೆತಿವೆ.

ಲಿಗ್ಗಿನ್ಸನ ಚುಚ್ಚುಮದ್ದನ್ನು ಸಣ್ಣ ಆಸ್ಪತ್ರೆಗಳಿಗೂ ಹಳ್ಳಿಗಳಿಗೂ ಮುಟ್ಟಿಸಿದರೆ ಸಾವಿರಾರು ಕೂಸುಗಳು ಬದುಕುವುವೆಂಬ ಸದ್ಭಾವನೆಯಿಂದ, ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಹಲವು ಪ್ರದೇಶಗಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ೨೦೧೫ರಲ್ಲಿ ಹೊರಬಂದಿತು. ಸಣ್ಣ ಕೂಸುಗಳ ಮರಣ ತಗ್ಗಲಿಲ್ಲ. ಒಟ್ಟಾರೆ ನವಜಾತ ಮರಣ ಸಾವಿರಕ್ಕೆ ಮೂರೂವರೆಯಷ್ಟು ಹೆಚ್ಚೇ ಆಯಿತು. ಗರ್ಭದ ದಿನಗಳ ಲೆಕ್ಕ ಖಚಿತವಿಲ್ಲದ ಕಡೆ, ದಿನ ತುಂಬಿದ ಅನೇಕ ಗರ್ಭಿಣಿಯರಿಗೂ ಮದ್ದು ಸಂದಿತ್ತು. ಹಾಗಾದರೆ ಮದ್ದನ್ನೇ ಬಿಡಬೇಕೆ? ಬೆಳಗಾವಿಯ ವೈದ್ಯರೂ ಪಾಲುಗೊಂಡು ಐದು ದೇಶಗಳ ೨೯ ಆಸ್ಪತ್ರೆಗಳಲ್ಲಿ ೨೮೫೨ ತಾಯಂದಿರೊಡನೆ ನಡೆದು ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಅದಕ್ಕೆ ಉತ್ತರ ಕೊಟ್ಟಿತು: ಸ್ಕ್ಯಾನ್‌ನಿಂದ ದಿನಗಳನ್ನು ಖಚಿತಪಡಿಸಿಕೊಂಡು, ಕೂಸಿಗೆ ತಕ್ಕ ಶುಶ್ರೂಷೆಯಿರುವ ಆಸ್ಪತ್ರೆಯಲ್ಲಿ ಕೊಟ್ಟಾಗ ಮರಣ ನೂರಕ್ಕೆ ೨೩.೫ರಿಂದ ೧೯.೬ಕ್ಕೆ ಇಳಿಯಿತು. ಔಷಧ ಬದಲಾಗಿರಲಿಲ್ಲ, ಬದಲಾದುದು ಅದನ್ನು ಕೊಟ್ಟ ಸನ್ನಿವೇಶ.

ಎರಡನೆಯದು ಶೈತ್ಯಚಿಕಿತ್ಸೆಯದು. ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಕೂಸಿನ ಮೈಯನ್ನು ಮೂರು ದಿನ ಸುಮಾರು ೩೩.೫ ಡಿಗ್ರಿಗೆ ತಣಿಸಿದರೆ ಮಿದುಳು ಉಳಿಯುವುದೆಂದು ಶ್ರೀಮಂತ ದೇಶಗಳ ಪರೀಕ್ಷೆಗಳು ೨೦೦೫ರಿಂದ ಮೇಲೆ ಮೇಲೆ ತೋರಿಸಿದ್ದುವು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ, ಅವುಗಳೊಳಗೆ ಬೆಂಗಳೂರಿನವೂ ಸೇರಿ, ೪೦೮ ಕೂಸುಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಹೆಲಿಕ್ಸ್ ಎಂಬ ಪರೀಕ್ಷೆಯಲ್ಲಿ ಮಾತ್ರ, ತಣಿಸಿದವುಗಳಲ್ಲಿ ನೂರಕ್ಕೆ ೪೨ ಸತ್ತುವು, ತಣಿಸದವುಗಳಲ್ಲಿ ೩೧. ನಮ್ಮ ಕೂಸುಗಳಿಗೆ ಪೆಟ್ಟು ಬೀಳುವ ಕಾಲವೂ ಬಗೆಯೂ, ಬಸುರಿಯ ಆರೋಗ್ಯವೂ ಬೇರೆಯಾಗಿರಬಹುದೆಂದು ತಜ್ಞರು ಚರ್ಚಿಸುತ್ತಿದ್ದಾರೆ. ಕಾರಣ ಏನೇ ಇರಲಿ, ಅನ್ಯರ ಪ್ರಮಾಣವನ್ನು ಕಣ್ಣುಮುಚ್ಚಿ ಆಚರಿಸುವುದೂ ಪರೀಕ್ಷಿಸದ ಕರುಣೆಯ ಇನ್ನೊಂದು ರೂಪವೇ ಸರಿ.

ನಮ್ಮ ದೇಶ ತಾನಾಗಿಯೇ ಜಗತ್ತಿಗೆ ಕಲಿಸಿದುದೂ ಉಂಟು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ತರಬೇತಿಯನ್ನಿತ್ತು, ಮನೆಯಲ್ಲೇ ಕೂಸನ್ನು ತೂಗಿ, ಬೆಚ್ಚಗಿರಿಸಿ, ಸೋಂಕನ್ನು ಗುರುತಿಸಿ ಮದ್ದು ಕೊಡುವಂತೆ ಮಾಡಿ, ಮೂರನೆಯ ವರ್ಷಕ್ಕೆ ನವಜಾತ ಮರಣವನ್ನು ನೂರಕ್ಕೆ ೬೨ರಷ್ಟು ತಗ್ಗಿಸಿದುದನ್ನು ೧೯೯೯ರಲ್ಲಿ ಪ್ರಕಟಿಸಿದರು. ಇಂದು ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಹಿಂದೆ ಈ ಸಂಶೋಧನೆಯಿದೆ. ೨೦೦೩ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದ ಜಿಲ್ಲಾ ಆಸ್ಪತ್ರೆಯಲ್ಲಿ ಆರಂಭವಾದ ವಿಶೇಷ ನವಜಾತ ಶಿಶು ಘಟಕವು ದೇಶದ ಜಿಲ್ಲೆಜಿಲ್ಲೆಗಳ ಘಟಕಗಳಿಗೆ ಮಾದರಿಯಾಯಿತು.

ಆ ಘಟಕಗಳು ಹೆಚ್ಚಿದಂತೆ ಹಳೆಯ ಶತ್ರುವೂ ಮರಳಿ ಬಂದಿದೆ. ಆಮ್ಲಜನಕವನ್ನು ಅಳೆಯದೆ ಕೊಟ್ಟ ಕಡೆಗಳಲ್ಲಿ, ಶ್ರೀಮಂತ ದೇಶಗಳಲ್ಲಿ ಅಪಾಯವಿಲ್ಲವೆನ್ನಬಹುದಾದಷ್ಟು ತೂಕದ ಕೂಸುಗಳೂ ಇಲ್ಲಿ ಕಣ್ಣು ಕಳೆದುಕೊಳ್ಳುತ್ತಿವೆ. ೨ ಕಿಲೋಗಿಂತ ಕಡಮೆ ತೂಕದ ಅಥವಾ ೩೪ ವಾರಕ್ಕೆ ಮುನ್ನ ಹುಟ್ಟಿದ ಕೂಸಿನ ಕಣ್ಣನ್ನು ೩೦ ದಿನದೊಳಗೆ ಪರೀಕ್ಷಿಸಿದರೆ, ಬೇಕಾದಾಗ ಲೇಸರ್‌ನಿಂದ ದೃಷ್ಟಿಯನ್ನು ಉಳಿಸಬಹುದು. ತಜ್ಞರಿಲ್ಲದ ಜಿಲ್ಲೆಗಳಿಗೆ ತಂತ್ರಜ್ಞರನ್ನೂ ಕ್ಯಾಮರಾವನ್ನೂ ಕಳುಹಿಸಿ, ಅಕ್ಷಿಪಟಲದ ಚಿತ್ರಗಳನ್ನು ಬೆಂಗಳೂರಿನ ವೈದ್ಯರಿಗೆ ರವಾನಿಸುವ ಕಿಡ್‌ರಾಪ್ ಎಂಬ ಯೋಜನೆಯನ್ನು ನಾರಾಯಣ ನೇತ್ರಾಲಯದವರು ೨೦೦೮ರಲ್ಲಿ ಕರ್ನಾಟಕದಲ್ಲಿ ಆರಂಭಿಸಿದುದು ಹೆಮ್ಮೆಯ ವಿಷಯ.

೮

ಕೊನೆಯದಾಗಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸಬೇಕು. ಮಾತು ಬಾರದ ಕೂಸನ್ನು ಪರೀಕ್ಷೆಗೆ ಒಡ್ಡುವುದು ಧರ್ಮವೆ? ಈ ಪ್ರಶ್ನೆ ಹಗುರವಾದುದಲ್ಲ. ಮೇಲೆ ಹೇಳಿದ ಸಪೋರ್ಟ್ ಪರೀಕ್ಷೆಯಲ್ಲಿಯೇ, ಅಪಾಯವನ್ನು ತಾಯಿತಂದೆಗಳಿಗೆ ಸಾಕಷ್ಟು ವಿಶದಪಡಿಸಿರಲಿಲ್ಲವೆಂದು ಅಮೆರಿಕದ ಸರಕಾರದ ಇಲಾಖೆಯು ೨೦೧೩ರಲ್ಲಿ ಆಕ್ಷೇಪಿಸಿತು. ಅದರ ಮೇಲೆ ದೊಡ್ಡ ವಾದವೇ ನಡೆಯಿತು. ಹೆರಿಗೆಯ ಬಳಲಿಕೆಯಲ್ಲಿರುವ ತಾಯಿಯ ಮುಂದೆ ಕಾಗದವನ್ನು ಹಿಡಿದು ಸಹಿ ಪಡೆದ ಮಾತ್ರಕ್ಕೆ ಸಮ್ಮತಿಯೆನಿಸದು. ಅವಳ ಭಾಷೆಯಲ್ಲಿ, ಅವಳ ಮನೆಯವರ ಸಮಕ್ಷಮದಲ್ಲಿ, ತಿಳಿಯುವಂತೆ ಹೇಳಬೇಕು. ಬೇಡವೆಂದರೆ ಶುಶ್ರೂಷೆಯಲ್ಲಿ ಕೂದಲೆಳೆಯಷ್ಟೂ ಕೊರತೆಯಾಗಬಾರದು. ಇದೆಲ್ಲ ನಿಜ. ಆದರೆ ಪರೀಕ್ಷೆಯನ್ನು ತೊರೆದರೆ ಕೂಸು ಪ್ರಯೋಗದಿಂದ ಪಾರಾಗುತ್ತದೆಂದು ಮಾತ್ರ ತಿಳಿಯಬಾರದು. ಲೆಕ್ಕವಿಡದೆ, ಹೋಲಿಸದೆ, ಸಮ್ಮತಿಯನ್ನೂ ಕೇಳದೆ, ತನಗೆ ತೋಚಿದ ಚಿಕಿತ್ಸೆಯನ್ನು ಎಲ್ಲ ಕೂಸುಗಳಿಗೂ ಕೊಡುವುದು ಎಲ್ಲಕ್ಕಿಂತ ದೊಡ್ಡ ಪ್ರಯೋಗ. ಅದರಿಂದ ಯಾರೂ ಏನನ್ನೂ ಕಲಿಯರೆಂಬುದಷ್ಟೇ ಅದರ ವಿಶೇಷ. ಹತ್ತು ಸಾವಿರ ಕೂಸುಗಳ ಕಣ್ಣು ಹೋದುದು ಅಂಥ ಪ್ರಯೋಗದಲ್ಲಿ.

ದತ್ತಿಯ ವೇದಿಕೆಯಿಂದ ಮಾತಾಡುತ್ತಿರುವುದರಿಂದ ದಾನಿಗಳಲ್ಲಿ ಒಂದು ಬಿನ್ನಹವನ್ನು ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ವಹಿಸುತ್ತೇನೆ. ವಾರ್ಮರನ್ನೂ ವೆಂಟಿಲೇಟರನ್ನೂ ಕೊಟ್ಟು, ಅವುಗಳ ಮೇಲೆ ಹೆಸರನ್ನು ಬರೆಸುವ ಉದಾರಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ನಾವು ಋಣಿಗಳು. ಆದರೆ ಒಬ್ಬ ದಾದಿಯ ಕೈಗೆ ಎಷ್ಟು ಕೂಸುಗಳನ್ನು ಒಪ್ಪಿಸಿದ್ದೇವೆಂಬುದು ಯಂತ್ರದ ಬೆಲೆಗಿಂತ ಹೆಚ್ಚಾಗಿ ಅವುಗಳ ಹಣೆಬರಹವನ್ನು ನಿರ್ಧರಿಸುತ್ತದೆ. ಮನೆಗೆ ಹೋದ ಕೂಸು ಒಂದು ವರ್ಷದ ಮೇಲೆ ಕಾಣುತ್ತದೆಯೆ, ಕೇಳುತ್ತದೆಯೆ, ನಿಲ್ಲುತ್ತದೆಯೆ ಎಂದು ವಿಚಾರಿಸಿ ಬರೆದಿಡುವವರಿಲ್ಲದಿದ್ದರೆ, ನಮ್ಮ ಚಿಕಿತ್ಸೆಯಿಂದ ಆದುದು ಒಳಿತೊ ಕೆಡುಕೊ ಎಂಬುದು ನಮಗೇ ತಿಳಿಯದೆ ಹೋಗುತ್ತದೆ. ಆದುದರಿಂದ ದಾದಿಯರ ಶಿಕ್ಷಣಕ್ಕೂ, ಘಟಕದಲ್ಲಿ ತಾಯಿಯ ವಸತಿಗೂ, ಕೂಸುಗಳನ್ನು ವರ್ಷಾನುವರ್ಷ ಹಿಂಬಾಲಿಸಿ ಲೆಕ್ಕವಿಡುವ ಕೆಲಸಕ್ಕೂ ದತ್ತಿಗಳು ಏರ್ಪಡಲಿ. ವಿದ್ಯಾರ್ಥಿಗಳಾದ ನೀವು, ಗುರುಗಳು ಹೇಳಿದ ಚಿಕಿತ್ಸೆಯನ್ನು ಶ್ರದ್ಧೆಯಿಂದ ಕಲಿಯಿರಿ. ಅದು ಯಾವ ಪರೀಕ್ಷೆಯಿಂದ ಸಿದ್ಧವಾಯಿತೆಂದು ಅಷ್ಟೇ ವಿನಯದಿಂದ ಕೇಳಿರಿ. ಉತ್ತರ ದೊರೆಯದ ಕಡೆ ನಿಮ್ಮ ಕೆಲಸ ಪ್ರಾರಂಭವಾಗುತ್ತದೆ.